ಅಂದಿನ ವಿಷ, ಇಂದಿನ ಕ್ಯಾನ್ಸರ್

ವಿಯೆಟ್ನಾಂನ ಕಾಡುಗಳನ್ನು ಬೋಳಾಗಿಸಲು, ಯುದ್ಧದ ವೇಳೆ ಅಮೆರಿಕದ ವಿಮಾನಗಳು 1962ರಿಂದ 1971ರವರೆಗೆ ಸಸ್ಯನಾಶಕ ಸುರಿದವು. ಅದರಲ್ಲಿ ಹೆಚ್ಚಿನ ಪಾಲು ‘ಏಜೆಂಟ್ ಆರೆಂಜ್’. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ಕ್ಯಾನ್ಸರ್‌ಕಾರಕ. ಅಂದು ಅಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಅಮೆರಿಕದ ಸೈನಿಕರು ಇಂದು ಎಪ್ಪತ್ತು ದಾಟಿದ್ದಾರೆ.

ಅರ್ಧ ಶತಮಾನದ ಹಿಂದಿನ ವಿಷಕ್ಕೂ ಈಗಿನ ಗಡ್ಡೆಗೂ ನಂಟಿದೆಯೆಂದು ರೋಗಿ ಸಾಬೀತುಪಡಿಸುವುದು ಹೇಗೆ?

ಆ ಹೊರೆಯನ್ನು ಅಮೆರಿಕದ 1991ರ ಕಾನೂನು ಇಳಿಸಿತು. ಅದರಡಿ ಬೆಳೆದ ರೋಗಗಳ ಪಟ್ಟಿಯಲ್ಲಿ ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್‌ಗಳೂ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರೂ ಸೇರಿವೆ. ವಿಯೆಟ್ನಾಂನಲ್ಲಿ ದುಡಿದವರಿಗೆ ಇವು ಬಂದರೆ, ಸೇವೆಯೇ ಕಾರಣವೆಂದು ಸರ್ಕಾರ ಒಪ್ಪುತ್ತದೆ. 2022ರ ‘ಪ್ಯಾಕ್ಟ್’ ಕಾಯ್ದೆ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಸೇನೆಯ ಕಸ ಸುಡುವ ಗುಂಡಿಗಳ ಹೊಗೆ ಉಸಿರಾಡಿದ ಸೈನಿಕರಿಗೂ ಇಂಥದೇ ರಕ್ಷಣೆ ಕೊಟ್ಟಿತು.

ಹಕ್ಕು ಸಿಕ್ಕರೂ ಚಿಕಿತ್ಸೆ ಸಲೀಸಲ್ಲ. ಹಿರಿಯ ಸೈನಿಕರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ಹೃದ್ರೋಗ, ಯುದ್ಧ ಬಿಟ್ಟುಹೋದ ಮನಸ್ಸಿನ ಗಾಯ ಜೊತೆಗಿರುತ್ತವೆ. ಹಾಗಾಗಿ ವಯಸ್ಸಿನೊಂದಿಗೆ ನಡಿಗೆ, ನೆನಪು, ಊಟ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆಯೇ ಎಂಬುದನ್ನೂ ಪರೀಕ್ಷಿಸಿ ಕೀಮೋ ನಿರ್ಧರಿಸುವುದು ಒಳ್ಳೆಯ ಕ್ರಮ. ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಗಡ್ಡೆಗೆ ಕೆಲವೊಮ್ಮೆ ನಿಯಮಿತ ನಿಗಾ ಸಾಕು. ದೂರದ ಊರುಗಳಲ್ಲಿರುವವರಿಗೆ ಮಾಜಿ ಸೈನಿಕರ ಇಲಾಖೆ ವಿಡಿಯೊ ಮೂಲಕ ಕ್ಯಾನ್ಸರ್ ತಜ್ಞರ ಸಲಹೆ ಒದಗಿಸುತ್ತಿದೆ. ಎಲ್ಲಿ, ಯಾವಾಗ ಸೇವೆಯಲ್ಲಿದ್ದರೆಂಬ ದಾಖಲೆಯನ್ನು ಕುಟುಂಬದವರು ವೈದ್ಯರಿಗೆ ಮೊದಲೇ ತೋರಿಸಿದರೆ ತಪಾಸಣೆಗೂ ಪರಿಹಾರಕ್ಕೂ ದಾರಿ ಸುಗಮವಾಗುತ್ತದೆ.