ವಿದೇಶ ವ್ಯಾಸಂಗ: ಮಕ್ಕಳ ಅಂಕಪಟ್ಟಿಯೊಡನೆ ತಂದೆಯ ಲೆಕ್ಕಪತ್ರಕ್ಕೂ ಪರೀಕ್ಷೆ

ದಕ್ಷಿಣ ಬೆಂಗಳೂರಿನ ಶ್ರೀನಗರ, ಹನುಮಂತನಗರ, ಬನಶಂಕರಿ ಬಡಾವಣೆಗಳಲ್ಲಿ ಎರಡು ತಲೆಮಾರುಗಳಿಂದ ಅಂಗಡಿಯನ್ನೋ ಸಣ್ಣ ಕಾರ್ಖಾನೆಯನ್ನೋ ನಡೆಸಿಕೊಂಡು ಬಂದಿರುವ ಕುಟುಂಬಗಳು ಅನೇಕ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಈ ಕುಟುಂಬಗಳು ದೂರ ಹೋಗಬೇಕಾದ ಪ್ರಮೇಯವಿರಲಿಲ್ಲ. ಬಿ. ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು ಬಸವನಗುಡಿಯಲ್ಲಿಯೇ ಇದೆ. ನ್ಯಾಷನಲ್ ಕಾಲೇಜೂ ಸಮೀಪದಲ್ಲಿದೆ. ಆದರೆ ಪದವಿ ಮುಗಿಸಿದ ಮಕ್ಕಳು ಸ್ನಾತಕೋತ್ತರ ವ್ಯಾಸಂಗಕ್ಕೆ ಅಮೆರಿಕ, ಇಂಗ್ಲೆಂಡ್, ಜರ್ಮನಿ, ಕೆನಡಾಗಳತ್ತ ಮುಖ ಮಾಡುವುದು ಈಗ ವರ್ತಕರ ಮನೆಗಳಲ್ಲಿಯೂ ಸಾಮಾನ್ಯ ಸಂಗತಿಯಾಗಿದೆ.

ಪ್ರವೇಶ ಪತ್ರ ಬಂದ ದಿನ ಮನೆಯಲ್ಲಿ ಸಂಭ್ರಮ. ಅದರ ಜೊತೆಯಲ್ಲಿಯೇ ವಿಶ್ವವಿದ್ಯಾಲಯದ ಇನ್ನೊಂದು ಪತ್ರವೂ ಬರುತ್ತದೆ: ವ್ಯಾಸಂಗದ ವೆಚ್ಚವನ್ನು ಭರಿಸುವವರು ಯಾರು, ಆ ಹಣ ಎಲ್ಲಿದೆ, ಅದು ಹೇಗೆ ಬಂತು? ಸಂಬಳದಾರರು ಈ ಪ್ರಶ್ನೆಗೆ ಮೂರು ಕಾಗದಗಳಲ್ಲಿ ಉತ್ತರಿಸಬಲ್ಲರು. ಕೋಟಿ ರೂಪಾಯಿ ವಹಿವಾಟಿನ ವರ್ತಕರು ಮಾತ್ರ ಇಲ್ಲಿ ತಡವರಿಸುತ್ತಾರೆ. ಕಾರಣ ಬಡತನವಲ್ಲ; ವರ್ತಕರ ಹಣದ ಸ್ವಭಾವವೇ ಬೇರೆ.

ಮೊದಲು ಪದವಿಯ ಪ್ರಶ್ನೆ

ಹಣದ ಮಾತಿಗೆ ಮುನ್ನ ಶೈಕ್ಷಣಿಕ ಅರ್ಹತೆಯನ್ನು ಗಮನಿಸತಕ್ಕದ್ದು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷದ ಪದವಿಯನ್ನು, ಅಂದರೆ ಒಟ್ಟು 16 ವರ್ಷಗಳ ವಿದ್ಯಾಭ್ಯಾಸವನ್ನು ಅಪೇಕ್ಷಿಸುತ್ತವೆ. ಬಿ.ಇ. ಪದವೀಧರರಿಗೆ ತೊಡಕಿಲ್ಲ. ಬಿ.ಕಾಂ., ಬಿ.ಬಿ.ಎ. ಪದವೀಧರರು ಮಾತ್ರ ಎಚ್ಚರ ವಹಿಸಬೇಕು. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆ ಜಾರಿಗೆ ಬಂದಿತ್ತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷದ ಪದವಿಯನ್ನು ಒಪ್ಪುವ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿಯೂ ಇವೆ; ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಆದುದರಿಂದ ಅರ್ಜಿ ಶುಲ್ಕ ಕಟ್ಟುವ ಮೊದಲೇ ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಓದಿಕೊಳ್ಳುವುದು ಕ್ಷೇಮ.

ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳು 2022ರ ನವೆಂಬರ್ 1ರಿಂದ ತಮ್ಮ ಅಂಕಪಟ್ಟಿ, ಪದವಿ ಪತ್ರಗಳನ್ನು ಎ.ಪಿ.ಎಸ್. ಎಂಬ ಸಂಸ್ಥೆಯಿಂದ ಪರಿಶೀಲಿಸಿಕೊಂಡು ಪ್ರಮಾಣಪತ್ರ ಪಡೆಯುವುದು ಕಡ್ಡಾಯವಾಗಿದೆ. ನಮ್ಮ ನಾಡಿನ ಹೆಸರುಗಳಲ್ಲಿ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳಿರುವುದು ವಾಡಿಕೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ, ತಂದೆಯ ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ರೀತಿ ಇದ್ದರೆ, ಹಣವಿದ್ದೂ ತಂದೆ ಮಕ್ಕಳ ಸಂಬಂಧವನ್ನೇ ಸಾಬೀತುಪಡಿಸಬೇಕಾದ ಪರಿಸ್ಥಿತಿ ಬರುತ್ತದೆ.

ಹರಿಯುವ ಹಣ, ನಿಂತ ಹಣ

ವ್ಯಾಪಾರದಲ್ಲಿ ಹಣ ನಿಲ್ಲಬಾರದು, ನಿಂತರೆ ನಷ್ಟ. ವಿದೇಶಿ ವಿಶ್ವವಿದ್ಯಾಲಯಗಳು ಮತ್ತು ವೀಸಾ ಕಚೇರಿಗಳು ಕೇಳುವುದು ನಿಂತ ಹಣವನ್ನು.

ಇಂಗ್ಲೆಂಡಿನ ವೀಸಾ ನಿಯಮದಂತೆ ಮೊದಲ ವರ್ಷದ ಬಾಕಿ ಶುಲ್ಕ ಹಾಗೂ ಗರಿಷ್ಠ ಒಂಬತ್ತು ತಿಂಗಳ ಜೀವನ ವೆಚ್ಚದಷ್ಟು ಹಣವು ವಿದ್ಯಾರ್ಥಿಯ ಅಥವಾ ತಂದೆ ತಾಯಿಯ ಹೆಸರಿನ ಖಾತೆಯಲ್ಲಿ ಸತತ 28 ದಿನ ಇರಬೇಕು. 2025ರ ನವೆಂಬರಿನಲ್ಲಿ ಜೀವನ ವೆಚ್ಚದ ಮೊತ್ತವನ್ನು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್ ಎಂದು ನಿಗದಿಪಡಿಸಲಾಯಿತು. ಲಂಡನ್ನಿಗೆ ಒಂಬತ್ತು ತಿಂಗಳ ಲೆಕ್ಕ 13,761 ಪೌಂಡ್. ಈ 28 ದಿನಗಳಲ್ಲಿ ಒಂದು ದಿನ ಶಿಲ್ಕು ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಸರಬರಾಜುದಾರರ ಚೆಕ್ಕು ಆ ದಿನವೇ ಪಾಸಾಯಿತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಬ್ಯಾಂಕು ಕೊಟ್ಟಿರುವ ಓವರ್‌ಡ್ರಾಫ್ಟ್ ಮಿತಿಯೂ ಲೆಕ್ಕಕ್ಕೆ ಬರುವುದಿಲ್ಲ.

ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕ ಬಹುತೇಕ ಇಲ್ಲವಾದರೂ, ವಿದ್ಯಾರ್ಥಿಯ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ಇಡಬೇಕಾಗುತ್ತದೆ. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ತಿಂಗಳಿಗೆ 992 ಯೂರೋ ಮಾತ್ರ ಬಿಡುಗಡೆಯಾಗುತ್ತದೆ. ಕೆನಡಾ ಕೇಳುವ ಜೀವನ ವೆಚ್ಚದ ಮೊತ್ತ 2024ರ ಜನವರಿಯ ಮೊದಲು 10,000 ಕೆನಡಾ ಡಾಲರ್ ಇದ್ದದ್ದು ಒಮ್ಮೆಗೇ 20,635ಕ್ಕೂ, 2025ರ ಸೆಪ್ಟೆಂಬರ್ 1ರಿಂದ 22,895ಕ್ಕೂ ಏರಿತು. ಅಮೆರಿಕದ ವಿಶ್ವವಿದ್ಯಾಲಯವು ಐ-20 ಎಂಬ ನಮೂನೆಯನ್ನು ನೀಡುವ ಮೊದಲು ಕನಿಷ್ಠ ಮೊದಲ ವರ್ಷದ ಹಣದ ದಾಖಲೆಯನ್ನು ಕೇಳುತ್ತದೆ. ಉಳಿದ ವರ್ಷಗಳ ಹಣದ ಮೂಲವನ್ನು ವೀಸಾ ಸಂದರ್ಶನದಲ್ಲಿ ವಿಚಾರಿಸಬಹುದು.

ಒಂದು ಕಲ್ಪಿತ ಲೆಕ್ಕ

ಶ್ರೀನಗರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರಿದ್ದಾರೆಂದು ಇಟ್ಟುಕೊಳ್ಳಬಹುದು. ವಾರ್ಷಿಕ ವಹಿವಾಟು ರೂ. 1.2 ಕೋಟಿ, ವಸೂಲಿಯೆಲ್ಲವೂ ಬ್ಯಾಂಕ್ ಮೂಲಕ. ಅವರು ಅಂದಾಜು ಲಾಭದ ಯೋಜನೆಯಡಿ ಶೇ. 6ರಂತೆ ರೂ. 7.2 ಲಕ್ಷ ಆದಾಯವನ್ನು ಘೋಷಿಸುತ್ತಾ ಬಂದಿದ್ದಾರೆ. ಮೂರು ವರ್ಷಗಳ ಘೋಷಿತ ಆದಾಯ ರೂ. 21.6 ಲಕ್ಷ. ಮಗಳ ಎರಡು ವರ್ಷದ ವ್ಯಾಸಂಗಕ್ಕೆ ಬೇಕಾದುದು ರೂ. 45 ಲಕ್ಷ. ಮನೆಯ ಖರ್ಚನ್ನು ಕಳೆಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೊರತೆ ಕಾಣುತ್ತದೆ.

ಮಾಲೀಕರ ಬಳಿ ಹಣವಿಲ್ಲವೆಂದಲ್ಲ. ದಾಸ್ತಾನಿನಲ್ಲಿದೆ, ಗಿರಾಕಿಗಳ ಬಾಕಿಯಲ್ಲಿದೆ, ಬಹುಶಃ ನಿಜವಾದ ಲಾಭವೂ ಶೇ. 6ಕ್ಕಿಂತ ಹೆಚ್ಚೇ ಇದೆ. ಆದರೆ ಅಂದಾಜು ಯೋಜನೆಯಲ್ಲಿರುವವರು ಲೆಕ್ಕಪುಸ್ತಕ ಇಡುವ ಗೋಜಿಗೆ ಹೋಗುವುದಿಲ್ಲ. ಆಸ್ತಿ ಜವಾಬ್ದಾರಿ ತಃಖ್ತೆ ಇರುವುದಿಲ್ಲ. ವರ್ಷವರ್ಷವೂ ಉಳಿಸಿದ ತೆರಿಗೆ, ಮಗಳ ಪ್ರವೇಶದ ಕಾಲಕ್ಕೆ ಪುರಾವೆಯ ಅಭಾವವಾಗಿ ಎದುರು ನಿಲ್ಲುತ್ತದೆ. 2025ರ ಜುಲೈನಲ್ಲಿ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಎಲ್ಲರಿಗೂ ಮನದಟ್ಟಾದ ಸಂಗತಿ ಇದೇ: ಕಾಗದವು ನಮ್ಮ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಮಾತನಾಡಿಯೇ ತೀರುತ್ತದೆ.

ಲೆಕ್ಕಪರಿಶೋಧಕರಿಂದ ಪಡೆಯುವ ನಿವ್ವಳ ಆಸ್ತಿ ಪ್ರಮಾಣಪತ್ರವೂ ಈ ಕೊರತೆಯನ್ನು ಮುಚ್ಚಲಾರದು. 2019ರ ಫೆಬ್ರವರಿ 1ರಿಂದ ಇಂತಹ ಪ್ರತಿಯೊಂದು ಪ್ರಮಾಣಪತ್ರಕ್ಕೂ ಯು.ಡಿ.ಐ.ಎನ್. ಎಂಬ 18 ಅಂಕಿಗಳ ಸಂಖ್ಯೆ ಕಡ್ಡಾಯ. ವಿದೇಶದ ಕಚೇರಿಯಲ್ಲಿ ಕುಳಿತವರೂ ಅದರ ಸಾಚಾತನವನ್ನು ಪರಿಶೀಲಿಸಬಹುದು. ದಾಖಲೆಯಲ್ಲಿ ಇಲ್ಲದುದನ್ನು ದೃಢೀಕರಿಸುವಂತೆ ಪರಿಶೋಧಕರನ್ನು ಒತ್ತಾಯಿಸುವುದರಿಂದ ಯಾರಿಗೂ ಒಳಿತಿಲ್ಲ.

ಸಾಲ ಮತ್ತು ಭದ್ರತೆ

ಬ್ಯಾಂಕಿನ ಶಿಕ್ಷಣ ಸಾಲವು ಎಷ್ಟೋ ಬಾರಿ ನಗದಿಗಿಂತ ಉತ್ತಮ ಪುರಾವೆ. ಮಾನ್ಯ ಬ್ಯಾಂಕಿನ ಸಾಲ ಮಂಜೂರಾತಿ ಪತ್ರವಿದ್ದರೆ ಇಂಗ್ಲೆಂಡಿನ 28 ದಿನದ ನಿಯಮ ಆ ಮೊತ್ತಕ್ಕೆ ಅನ್ವಯಿಸುವುದಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ರೂ. 7.5 ಲಕ್ಷದವರೆಗೆ ಆಸ್ತಿಯ ಭದ್ರತೆ ಬೇಕಿಲ್ಲ. ಅದಕ್ಕೆ ಮೇಲ್ಪಟ್ಟರೆ ಬೇಕು. ವಿದೇಶ ವ್ಯಾಸಂಗಕ್ಕೆ ಶೇ. 15ರಷ್ಟು ಹಣವನ್ನು ಕುಟುಂಬವೇ ಹಾಕಬೇಕು.

ವರ್ತಕರಿಗೆ ತೊಡಕಾಗುವುದು ಇಲ್ಲಿಯೇ. ಮನೆಯ ಪತ್ರಗಳು ಆಗಲೇ ಕ್ಯಾಶ್ ಕ್ರೆಡಿಟ್ ಸಾಲಕ್ಕಾಗಿ ಬ್ಯಾಂಕಿನಲ್ಲಿ ಅಡಮಾನವಾಗಿರುತ್ತವೆ. ಅಥವಾ ಆಸ್ತಿ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದು ವಿಭಾಗಪತ್ರ ನೋಂದಣಿಯಾಗಿರುವುದಿಲ್ಲ. ‘ಬಿ’ ಖಾತೆಯ ನಿವೇಶನವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಭದ್ರತೆಯಾಗಿ ಒಪ್ಪುವುದಿಲ್ಲ. ಇವನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಪ್ರವೇಶ ಪತ್ರವೋ ವಾರಗಳ ಗಡುವು ಹಾಕಿರುತ್ತದೆ.

ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಆದಾಯದಲ್ಲಿ ಕಡಿತವಿದೆ. 1961ರ ಕಾಯಿದೆಯಲ್ಲಿ ಇದು 80ಇ ಕಲಂ ಎಂದೇ ಪರಿಚಿತ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಇದು ದೊರೆಯುತ್ತದೆ. ಬಂಧುಗಳಿಂದ ಪಡೆದ ಕೈಸಾಲಕ್ಕೆ ದೊರೆಯುವುದಿಲ್ಲ.

ಹಣ ಕಳುಹಿಸುವ ಕ್ರಮ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ 2004ರಲ್ಲಿ 25,000 ಡಾಲರ್ ಮಿತಿಯೊಡನೆ ಪ್ರಾರಂಭವಾಯಿತು. 2015ರಿಂದ ಮಿತಿ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್. ಇದು ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆ, ಕಂಪನಿ, ಹಿಂದೂ ಅವಿಭಕ್ತ ಕುಟುಂಬಗಳ ಖಾತೆಯಿಂದ ಈ ಯೋಜನೆಯಡಿ ಹಣ ಕಳುಹಿಸುವಂತಿಲ್ಲ. ಪಾಲುದಾರರು ತಮ್ಮ ಬಂಡವಾಳ ಖಾತೆಯಿಂದ ಹಣ ಹಿಂಪಡೆದು, ಸ್ವಂತ ಖಾತೆಗೆ ತಂದುಕೊಂಡು ಕಳುಹಿಸಬೇಕು. ಮಕ್ಕಳ ಶುಲ್ಕವನ್ನು ವ್ಯಾಪಾರದ ಖರ್ಚೆಂದು ಬರೆದರೆ ತೆರಿಗೆ ಇಲಾಖೆ ಒಪ್ಪುವುದಿಲ್ಲ. ನ್ಯಾಯಾಲಯಗಳೂ ಹಲವು ಪ್ರಕರಣಗಳಲ್ಲಿ ಇಂತಹ ಖರ್ಚನ್ನು ತಳ್ಳಿಹಾಕಿವೆ. ಖಾಸಗಿ ಕಂಪನಿಯಿಂದ ಷೇರುದಾರರು ಸಾಲವಾಗಿ ಪಡೆದರೆ ಅದು ಲಾಭಾಂಶವೆಂದು ಪರಿಗಣಿತವಾಗುವ ಅಪಾಯವಿದೆ.

ರವಾನೆಯ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಬಂದಿದೆ. ವಿನಾಯಿತಿಯ ಮಿತಿಯನ್ನು 2025ರ ಏಪ್ರಿಲ್ 1ರಿಂದ ರೂ. 7 ಲಕ್ಷದಿಂದ ರೂ. 10 ಲಕ್ಷಕ್ಕೆ ಏರಿಸಲಾಯಿತು. ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಮೊತ್ತಕ್ಕೆ ಸಂಗ್ರಹವನ್ನೇ ಕೈಬಿಡಲಾಯಿತು. ಸ್ವಂತ ಹಣದಿಂದ ಶಿಕ್ಷಣಕ್ಕೆ ಕಳುಹಿಸುವಾಗ ಮಿತಿ ಮೀರಿದ ಮೊತ್ತಕ್ಕೆ ಶೇ. 5ರ ದರವಿದ್ದು, 2026ರ ಮುಂಗಡಪತ್ರವು ಅದನ್ನು ಶೇ. 2ಕ್ಕೆ ಇಳಿಸಲು ಪ್ರಸ್ತಾಪಿಸಿತು. ಇದು ಖರ್ಚಲ್ಲ, ಕಳುಹಿಸಿದವರ ಪಾನ್ ಸಂಖ್ಯೆಗೆ ಜಮೆಯಾಗಿ ಅವರ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ತಂದೆ ತಾಯಿ ಇಬ್ಬರೂ ತಮ್ಮ ತಮ್ಮ ಸ್ವಂತ ಹಣದಿಂದ ಕಳುಹಿಸಿದರೆ ಮಿತಿ ಇಬ್ಬರಿಗೂ ಪ್ರತ್ಯೇಕ. ಕಳುಹಿಸಿದ ಮೊತ್ತ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸುತ್ತದೆಂಬುದನ್ನೂ ಮರೆಯಬಾರದು.

ರೂಪಾಯಿಯ ಬೆಲೆಗೂ ಅವಕಾಶ ಇಟ್ಟುಕೊಳ್ಳಬೇಕು. 2005ರಲ್ಲಿ ಡಾಲರಿಗೆ 44-45 ರೂಪಾಯಿಗಳಿದ್ದ ದರ 2025ರ ಡಿಸೆಂಬರಿನಲ್ಲಿ 90ನ್ನು ದಾಟಿತು. ಎರಡನೆಯ ವರ್ಷದ ಶುಲ್ಕವನ್ನು ಇಂದಿನ ದರದಲ್ಲಿ ಲೆಕ್ಕ ಹಾಕುವುದು ವಿವೇಕವಲ್ಲ.

ಅಡ್ಡದಾರಿಯ ಬೆಲೆ

ಈ ಇಕ್ಕಟ್ಟಿನಲ್ಲಿ ಕೆಲವರು ಮಧ್ಯವರ್ತಿಗಳ ಮೊರೆ ಹೋಗುತ್ತಾರೆ. ಒಂದು ತಿಂಗಳ ಮಟ್ಟಿಗೆ ಖಾತೆಯಲ್ಲಿ ಹಣ ತುಂಬಿಸಿ ತೋರಿಸುವ ‘ವ್ಯವಸ್ಥೆ’ ಅವರ ಬಳಿ ಸಿದ್ಧವಿರುತ್ತದೆ. ಸುಳ್ಳು ದಾಖಲೆ ಬಯಲಾದರೆ ಇಂಗ್ಲೆಂಡ್ ಹತ್ತು ವರ್ಷ, ಕೆನಡಾ ಐದು ವರ್ಷ ಪ್ರವೇಶವನ್ನು ನಿಷೇಧಿಸಬಹುದು. ಅಮೆರಿಕದಲ್ಲಿ ಅದು ಶಾಶ್ವತ ಅನರ್ಹತೆಯೇ ಆಗಬಹುದು. ತಪ್ಪು ತಂದೆಯದು, ಶಿಕ್ಷೆ ಮಕ್ಕಳಿಗೆ.

2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿ ನಡೆದು ಅದು ಮುಚ್ಚಿಹೋದಾಗ ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಅತಂತ್ರರಾದರು, ಬಹುಪಾಲು ಭಾರತೀಯರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ತೊಡಿಸಲಾಯಿತು. ಸ್ವತಃ ಅಮೆರಿಕದಲ್ಲಿ ಓದಿದ್ದ, ಆಗ ವಿದೇಶಾಂಗ ಸಚಿವರಾಗಿದ್ದ ದಿವಂಗತ ಎಸ್. ಎಂ. ಕೃಷ್ಣ ಅವರು ಇದನ್ನು ಪ್ರತಿಭಟಿಸಬೇಕಾಯಿತು. ಸಂಸ್ಥೆಯ ಸ್ಥಾಪಕರಿಗೆ 2014ರಲ್ಲಿ ಹದಿನಾರು ವರ್ಷಕ್ಕೂ ಮೀರಿದ ಸೆರೆವಾಸ ವಿಧಿಸಲಾಯಿತಾದರೂ ವಿದ್ಯಾರ್ಥಿಗಳ ಕಳೆದ ಕಾಲ ಮರಳಲಿಲ್ಲ. 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶ ಪತ್ರಗಳ ಪ್ರಕರಣ ಹೊರಬಿದ್ದು, ಭಾರತೀಯ ವಿದ್ಯಾರ್ಥಿಗಳು ಗಡಿಪಾರಿನ ಭೀತಿ ಎದುರಿಸಿದರು. ಮಾನ್ಯತೆ ಇರುವ ವಿದ್ಯಾಸಂಸ್ಥೆಗಳ ಪಟ್ಟಿಯನ್ನು ಆಯಾ ಸರ್ಕಾರಗಳೇ ಪ್ರಕಟಿಸುತ್ತವೆ. ಮಧ್ಯವರ್ತಿಯ ಮಾತನ್ನು ನಂಬುವ ಮೊದಲು ಆ ಪಟ್ಟಿಯಲ್ಲಿ ಹೆಸರನ್ನು ನೋಡುವುದು ಒಂದು ಗಳಿಗೆಯ ಕೆಲಸ.

ಹೋದ ಮೇಲೂ ನಿಯಮಗಳು ತಪ್ಪುವುದಿಲ್ಲ. ಅಮೆರಿಕದಲ್ಲಿ ಪೂರ್ಣಾವಧಿ ವ್ಯಾಸಂಗ ಕಡ್ಡಾಯ. ತರಗತಿಗಳು ನಡೆಯುವ ಕಾಲದಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಇಂಗ್ಲೆಂಡಿನಲ್ಲಿ ವ್ಯಾಸಂಗದ ನಂತರ ಪದವೀಧರರು ಉಳಿಯುವ ಅವಧಿಯನ್ನು 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಸುವ ತೀರ್ಮಾನವಾಗಿದೆ. ‘ಅಲ್ಲಿ ದುಡಿದು ತೀರಿಸುತ್ತಾನೆ’ ಎಂಬ ಭರವಸೆಯ ಮೇಲೆಯೇ ಸಾಲ ಎತ್ತುವುದು ಸರಿಯಲ್ಲ.

ಎರಡು ವರ್ಷ ಮುಂಚಿನ ಸಿದ್ಧತೆ

ಮಗನೋ ಮಗಳೋ ಪದವಿಯ ಮಧ್ಯದಲ್ಲಿರುವಾಗಲೇ ಸಿದ್ಧತೆ ಪ್ರಾರಂಭವಾಗಬೇಕು. ಮೊದಲನೆಯದಾಗಿ, ನಿಜವಾದ ಲಾಭವನ್ನು ತೋರಿಸುವ ಲೆಕ್ಕಪುಸ್ತಕ ಇಟ್ಟು, ಸರಿಯಾದ ಆದಾಯದ ಮೇಲೆ ಸಕಾಲದಲ್ಲಿ ರಿಟರ್ನ್ ಸಲ್ಲಿಸುವುದು. ಎರಡನೆಯದಾಗಿ, ವ್ಯಾಪಾರದ ಖಾತೆಯಿಂದ ಪ್ರತ್ಯೇಕವಾಗಿ ಸ್ವಂತ ಹೆಸರಿನಲ್ಲಿ ತಿಂಗಳು ತಿಂಗಳು ಉಳಿತಾಯ ಬೆಳೆಸುವುದು. ಕಡೆಯ ವಾರದಲ್ಲಿ ಬಂದು ಬಿದ್ದ ದೊಡ್ಡ ಮೊತ್ತಕ್ಕಿಂತ ಎರಡು ವರ್ಷ ಬೆಳೆದ ಸಣ್ಣ ಮೊತ್ತಕ್ಕೆ ಬೆಲೆ ಹೆಚ್ಚು. ಮೂರನೆಯದಾಗಿ, ಆಸ್ತಿಯ ಖಾತೆ, ವಿಭಾಗಪತ್ರ, ಋಣಭಾರ ಪತ್ರಗಳನ್ನು ಸರಿಪಡಿಸಿಕೊಂಡು ಬ್ಯಾಂಕಿನೊಡನೆ ಮೊದಲೇ ಮಾತನಾಡುವುದು. ನಾಲ್ಕನೆಯದಾಗಿ, ಹೆಸರು ಮತ್ತು ಜನ್ಮ ದಿನಾಂಕಗಳು ಎಲ್ಲ ದಾಖಲೆಗಳಲ್ಲಿಯೂ ಒಂದೇ ಆಗುವಂತೆ ನೋಡಿಕೊಳ್ಳುವುದು.

ಇದರಿಂದ ತೆರಿಗೆ ಸ್ವಲ್ಪ ಹೆಚ್ಚಾಗುವುದು ನಿಜ. ಆದರೆ ಅದೇ ಲೆಕ್ಕಪತ್ರ ನಾಳೆ ಕಾರ್ಖಾನೆಗೆ ಹೊಸ ಯಂತ್ರ ತರಲು ಸಾಲ ಬೇಕಾದಾಗಲೂ ನೆರವಿಗೆ ಬರುತ್ತದೆ. ಪೇಟೆಯಲ್ಲಿ ವರ್ತಕರ ಮಾತಿಗೆ ಬೆಲೆಯಿದೆ. ಮೂವತ್ತು ವರ್ಷದ ಹೆಸರಿನ ಮೇಲೆ ಲಕ್ಷಾಂತರ ರೂಪಾಯಿಯ ಸರಕು ಉದ್ರಿ ದೊರೆಯುತ್ತದೆ. ಸಾವಿರಾರು ಮೈಲಿ ದೂರದ ವಿಶ್ವವಿದ್ಯಾಲಯದ ಗುಮಾಸ್ತರಿಗೆ ಆ ಹೆಸರಿನ ಪರಿಚಯವಿಲ್ಲ. ಅವರ ಮುಂದೆ ವರ್ತಕರ ಪರವಾಗಿ ಸಾಕ್ಷಿ ನುಡಿಯುವುದು ವರ್ತಕರೇ ಬರೆಸಿಟ್ಟ ಲೆಕ್ಕಪತ್ರ ಮಾತ್ರ.