ತೆಂಗಿಗೂ ಒಂದು ದಾಖಲೆ ಪುಸ್ತಕ

ಭತ್ತ, ಗೋಧಿಗಳ ಬೀಜವನ್ನು ಚೆನ್ನಾಗಿ ಒಣಗಿಸಿ ಶೀತಲ ಕೋಣೆಯಲ್ಲಿಟ್ಟರೆ ಹತ್ತಾರು ವರ್ಷ ಜೀವ ಹಿಡಿದುಕೊಂಡಿರುತ್ತದೆ. ತೆಂಗಿನಕಾಯಿ ಹಾಗಲ್ಲ. ಒಣಗಿಸಿದರೆ ಕೆಡುತ್ತದೆ, ಹಾಗೆಯೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊಳೆಯುತ್ತದೆ. ಆದುದರಿಂದ ಒಂದು ತಳಿ ಉಳಿಯಬೇಕಾದರೆ ಅದನ್ನು ತೋಟದಲ್ಲಿ ನೆಟ್ಟು ಸಾಕುವುದೇ ಮುಖ್ಯ ದಾರಿ. ಆ ತೋಟಕ್ಕೆ ರೋಗ ಹೊಕ್ಕರೆ? ತಳಿಯೇ ಹೋಯಿತೆಂದು ಲೆಕ್ಕ. ಅದೇ ತಳಿ ಬೇರೊಂದು ದೇಶದ ತೋಟದಲ್ಲಿ ಉಂಟೋ ಇಲ್ಲವೋ ಎಂಬುದು ಆಗ ತಿಳಿದಿರಬೇಕಾಗುತ್ತದೆ.

ಕಾಸರಗೋಡಿನವರಾದ ನಮಗೆ ಇದು ದೂರದ ಸಂಗತಿಯಲ್ಲ. ಮದರಾಸು ಸರ್ಕಾರವು 1916ರಲ್ಲಿ ಇಲ್ಲಿ ಆರಂಭಿಸಿದ ತೆಂಗಿನ ಸಂಶೋಧನೆಯೇ ಬೆಳೆದು 1970ರಲ್ಲಿ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಕೂಡ್ಲಿನ ಸಿ.ಪಿ.ಸಿ.ಆರ್.ಐ. ಎಂದರೆ ಮಕ್ಕಳಿಗೂ ಗೊತ್ತು.

ತೆಂಗು ಬೆಳೆಯುವ ಒಂದೊಂದು ದೇಶವೂ ತನ್ನ ಮರಗಳ ಲೆಕ್ಕವನ್ನು ತನ್ನದೇ ರೀತಿಯಲ್ಲಿ ಬರೆದಿಟ್ಟರೆ ಏನಾಗುತ್ತದೆ? ಮೊದಲ ತೊಡಕು ಹೆಸರಿನದು. ಕೇಸರಿ ಬಣ್ಣದ ಎಳನೀರಿನ ಮರವನ್ನು ನಾವು ಗೆಂದಾಳಿ ಎನ್ನುತ್ತೇವೆ. ಮಲಯಾಳದಲ್ಲಿ ಅದು ಚೆಂದೆಂಗು. ಸಂಶೋಧಕರ ಪುಸ್ತಕದಲ್ಲಿ ಚಾವಕ್ಕಾಡಿನ ಹೆಸರು ಹೊತ್ತ 'ಚೌಘಾಟ್ ಆರೆಂಜ್ ಡ್ವಾರ್ಫ್'. ದೂರದಲ್ಲಿ ಕುಳಿತು ಓದುವವನಿಗೆ ಇದು ಒಂದು ಮರವೋ ಮೂರು ಮರವೋ ತಿಳಿಯದು. ಎರಡನೆಯದು ಅಳತೆಯದು. ಕಾಂಡದ ಸುತ್ತಳತೆಯನ್ನು ಒಬ್ಬನು ಬುಡದಲ್ಲಿ, ಇನ್ನೊಬ್ಬನು ಎದೆಮಟ್ಟದಲ್ಲಿ ಅಳೆದರೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಏನು ಪ್ರಯೋಜನ?

1992ರಲ್ಲಿ 'ಕೋಜೆಂಟ್' ಎಂಬ ಅಂತರರಾಷ್ಟ್ರೀಯ ತೆಂಗು ತಳಿ ಸಂಪನ್ಮೂಲ ಜಾಲ ಹುಟ್ಟಿತು. ಹಲವು ದೇಶಗಳ ತಜ್ಞರು ಕೂಡಿ ಕೆಲಸಮಾಡಿ, ತೆಂಗಿನ ತಳಿ ಸಂಶೋಧನೆಯ ಕ್ರಮಗಳನ್ನು ಹೇಳುವ ಒಂದು ಕೈಪಿಡಿಯನ್ನು 1996ರಲ್ಲಿ ಹೊರತಂದರು. ಕಾಂಡದ ಸುತ್ತಳತೆಯನ್ನು ನೆಲದಿಂದ 20 ಸೆಂಟಿಮೀಟರ್ ಮತ್ತು 150 ಸೆಂಟಿಮೀಟರ್ ಎತ್ತರದಲ್ಲಿ ತೆಗೆದುಕೊಳ್ಳುವುದು ಇಂತಹ ಕ್ರಮಗಳಲ್ಲಿ ಒಂದು. ಕಾಂಡದ ಮೇಲೆ ಮಡಲು ಉದುರಿದ ಗುರುತು ಬಳೆಯಂತೆ ಉಳಿಯುತ್ತದಲ್ಲವೇ? ಅಂತಹ 11 ಗುರುತುಗಳ ನಡುವಿನ ಉದ್ದವನ್ನೂ ಅಳೆಯುತ್ತಾರೆ. ಅದು ಹೆಚ್ಚಿದ್ದರೆ ಮರ ಬೇಗ ಎತ್ತರ ಹೋಗುತ್ತದೆಂದೂ ಕಡಿಮೆಯಿದ್ದರೆ ನಿಧಾನವೆಂದೂ ತಿಳಿಯಬಹುದು. ಎಂತಹ ಸರಳ ಉಪಾಯ! ಬೇಕಾದುದು ಒಂದು ಟೇಪು ಮಾತ್ರ. ವಿದ್ಯಾರ್ಥಿಗಳು ಮನೆಯ ತೋಟದಲ್ಲಿಯೇ ಮಾಡಿ ನೋಡಬಹುದು.

ಹೀಗೆ ಬಂದ ಅಂಕಿಗಳನ್ನು ಫ್ರಾನ್ಸಿನ 'ಸಿರಾಡ್' ಸಂಸ್ಥೆಯು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿತು. ಯಾವ ತಳಿ, ಯಾವ ದೇಶದ ಯಾವ ತೋಟದಲ್ಲಿ, ಎಂದು ನೆಟ್ಟದ್ದು ಎಂಬುದೆಲ್ಲ ಅದರಲ್ಲಿದೆ. ಜೊತೆಗೆ ಭಾರತ, ಇಂಡೋನೇಷ್ಯ, ಪಪುವ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್ ಎಂಬ ಐದು ಕಡೆ ಅಂತರರಾಷ್ಟ್ರೀಯ ತಳಿ ತೋಟಗಳೂ ಆದವು. ಭಾರತದ ತೋಟ ಸುಬ್ರಹ್ಮಣ್ಯದ ಸಮೀಪದ ಕಿದುವಿನಲ್ಲಿದೆ. ಕುಕ್ಕೆಗೆ ಹೋಗಿ ಬರುವ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು?

ಈ ಲೆಕ್ಕದ ಬೆಲೆ ಸಂಕಟ ಬಂದಾಗ ಗೊತ್ತಾಗುತ್ತದೆ. ಪಪುವ ನ್ಯೂಗಿನಿಯ ಮದಾಂಗ್ ಪ್ರಾಂತ್ಯದ ತಳಿ ತೋಟಕ್ಕೆ, ಅದೇ ಪ್ರಾಂತ್ಯದ ಬೋಗಿಯಾ ಎಂಬಲ್ಲಿ ಕಾಣಿಸಿಕೊಂಡ ಮಾರಕ ರೋಗದ ಭೀತಿ ಬಂತು. ಐವರಿ ಕೋಸ್ಟಿನಲ್ಲಿಯೂ ಮಡಲು ಹಳದಿಯಾಗಿ ಮರ ಸಾಯುವ ರೋಗವುಂಟು. ಬೇರೆಲ್ಲಿಯೂ ಇಲ್ಲದ ತಳಿ ಯಾವುದು, ಯಾವುದನ್ನು ಮೊದಲು ಸಾಗಿಸಬೇಕು ಎಂದು ನಿರ್ಧರಿಸಲು ದಾಖಲೆಯೇ ಆಧಾರ. ರೋಗವೂ ಕೂಡಿ ಹೋಗಬಾರದೆಂದು ಕಾಯಿಗಳಿಗೆ ಬದಲಾಗಿ ಒಳಗಿನ ಭ್ರೂಣವನ್ನು ಮಾತ್ರ ತೆಗೆದು ಗಾಜಿನ ಕೊಳವೆಯಲ್ಲಿ ಕಳುಹಿಸುವ ವಿಧಾನವೂ ಉಂಟು.

'ನಮ್ಮ ತಳಿಯ ಗುಟ್ಟನ್ನು ಪರರಿಗೇಕೆ ಕೊಡಬೇಕು?' ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2004ರಲ್ಲಿ ಜಾರಿಗೆ ಬಂದ ಬೆಳೆತಳಿಗಳ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ತೆಂಗೂ ಸೇರಿದೆ. ಪಡೆದವರು ಯಾವ ಕರಾರಿಗೆ ಒಳಪಡಬೇಕೆಂಬುದನ್ನು ಅದು ಹೇಳುತ್ತದೆ. ಗುಟ್ಟಿಗಿಂತಲೂ ದೊಡ್ಡ ಕೊರತೆ ಬೇರೆ ಇದೆಯೆಂದು ನಮಗೆ ತೋರುತ್ತದೆ. ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಬೇಕು. ಆಮೇಲೂ ವರ್ಷ ವರ್ಷ ಗೊನೆ ಎಣಿಸಿ, ಕಾಯಿ ತೂಗಿ ಬರೆಯಬೇಕು. ಅಷ್ಟು ಕಾಲ ಒಂದೇ ಸಮನೆ ಬರೆಯುವವರು ಎಲ್ಲೆಡೆ ಸಿಕ್ಕಿಲ್ಲವಾದುದರಿಂದ ಆ ದಾಖಲೆಯಲ್ಲಿ ಹಲವು ತಳಿಗಳ ಎದುರಿನ ಅಂಕಣಗಳು ಇನ್ನೂ ಖಾಲಿಯಾಗಿಯೇ ಇವೆ.