ತಿರುಳು ಬಿಡಿಸಿರಿ, ಬೀಜ ಮೊಳೆಯುತ್ತದೆ



ಟೊಮೆಟೊ ಹೆಚ್ಚುವಾಗ ಒಂದು ಸಂಗತಿ ಗಮನಿಸಿದ್ದೀರಾ? ಹಣ್ಣಿನ ಒಳಗೆ ಬೇಕಾದಷ್ಟು ನೀರಿದೆ. ಆದರೂ ಬೀಜ ಸಾಮಾನ್ಯವಾಗಿ ಅಲ್ಲಿ ಮೊಳೆಯುವುದಿಲ್ಲ. ಅದೇ ಬೀಜ ಮುಸುರೆ ನೀರಿನ ಜೊತೆ ಬಚ್ಚಲ ಹತ್ತಿರ ಬಿದ್ದರೆ ಕೆಲವೇ ದಿನಗಳಲ್ಲಿ ಸಸಿ ಏಳುತ್ತದೆ. ಯಾಕೆ ಹೀಗೆ?

ಹಣ್ಣಿನ ತಿರುಳು ಬೀಜಕ್ಕೆ ಗೊಬ್ಬರ ಅಂತ ಕೆಲವರು ತಿಳಿದಿರುತ್ತಾರೆ. ಹಾಗಲ್ಲ. ಮೊಳಕೆಗೆ ಬೇಕಾದ ಬುತ್ತಿ ಬೀಜದ ಒಳಗೇ ಇರುತ್ತದೆ. ಕಡಲೆ ನೆನೆಸಿದಾಗ ಕಾಣುವ ಎರಡು ಬೇಳೆಗಳೇ ಆ ಬುತ್ತಿ. ತಿರುಳಿನ ಕೆಲಸ ಬೇರೆ. ಒಂದು, ಬೀಜ ಹಣ್ಣಿನೊಳಗೇ ಮೊಳೆತು ಸಾಯದಂತೆ ತಡೆಯುವುದು. ಎರಡು, ಬೀಜವನ್ನು ದೂರ ಒಯ್ಯುವವರನ್ನು ಕರೆಯುವುದು.

ಬೀಜ ಬಲಿಯುವ ತನಕ ಕಾಯಿ ಹುಳಿ, ಒಗರು, ಕಹಿ. ಬಲಿತ ಮೇಲೆ ಬಣ್ಣ, ವಾಸನೆ, ಸಿಹಿ. ಆಗ ಹಕ್ಕಿ, ಬಾವಲಿ, ಆಡು ಬಂದು ತಿನ್ನುತ್ತವೆ. ತಾಯಿ ಗಿಡದ ನೆರಳಲ್ಲೇ ಬಿದ್ದ ಬೀಜಕ್ಕೆ ಬಿಸಿಲೂ ಸಾಲದು, ನೀರೂ ಸಾಲದು. ದೂರ ಹೋದದ್ದು ಬದುಕಿತು. ಹೀಗೆ ಲಕ್ಷಾಂತರ ವರ್ಷಗಳಲ್ಲಿ, ತಿನ್ನಲು ರುಚಿಯಾದ ಹಣ್ಣು ಬಿಡುವ ಗಿಡಗಳ ಸಂತತಿ ಹೆಚ್ಚುತ್ತಾ ಬಂದಿತು.

ಸಿಂದಗಿ, ಮುದ್ದೇಬಿಹಾಳ ಕಡೆ ಹೊಲದ ಒಡ್ಡಿನ ಮೇಲಿರುವ ಎಷ್ಟೋ ಬೇವಿನ ಗಿಡಗಳನ್ನು ಯಾರೂ ಹಚ್ಚಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದ್ದು. ಆಡು ಕಟ್ಟುವ ಜಾಗದಲ್ಲಿ ಜಾಲಿ ಸಸಿ ಏಳುವುದೂ ಹೀಗೆಯೇ. ಜಾಲಿ ಬೀಜದ ಸಿಪ್ಪೆ ಬಲು ಗಟ್ಟಿ. ಆಡಿನ ಹೊಟ್ಟೆಯಲ್ಲಿ ಕೆಲವು ಬೀಜ ಹಾಳಾಗುತ್ತವೆ, ಕೆಲವು ಸಿಪ್ಪೆ ಮೆತ್ತಗಾಗಿ ಹೊರಬಂದು ಬೇಗ ಮೊಳೆಯುತ್ತವೆ. ಬಳ್ಳಾರಿ ಜಾಲಿ ನಮ್ಮ ಹೊಲಗಳಿಗೆ ನುಗ್ಗಿದ್ದೂ ದನ, ಆಡುಗಳ ಹೊಟ್ಟೆಯ ಮೂಲಕವೇ.

ಸಂಘದಿಂದ ಸಸಿ ಮಡಿ ಮಾಡುವವರಿಗೆ ಇದು ರೊಕ್ಕದ ಪ್ರಶ್ನೆ. ಬೇವಿನ ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತಿರುಳು ಕೊಳೆತು, ಬೂಸರು ಹಿಡಿದು, ಬೀಜದ ಜೀವ ಹೋಗುತ್ತದೆ. ಅಂಥ ಬೀಜ ಹಾಕಿದರೆ ಮಣ್ಣು ತುಂಬಿದ ಕೂಲಿ ಹೋಯಿತು, ಹಂಗಾಮೂ ಹೋಯಿತು. ಆದ್ದರಿಂದ ಹಕ್ಕಿ ಮಾಡುವ ಕೆಲಸವನ್ನು ನಮ್ಮ ಕೈಯಿಂದ ಮಾಡಬೇಕು:

1. ಬೇವು: ಹಳದಿಯಾದ ಹಣ್ಣನ್ನು ಆರಿಸಿದ ದಿನವೇ ನೀರಲ್ಲಿ ತಿಕ್ಕಿ ತಿರುಳು ತೆಗೆಯಿರಿ. ನೆರಳಲ್ಲಿ ಒಣಗಿಸಿ, ಎರಡು ಮೂರು ವಾರದೊಳಗೆ ಊರಿರಿ. ಹಳೆಯ ಬೀಜ ನಂಬಬೇಡಿ.

2. ಲಿಂಬೆ: 2023ರಲ್ಲಿ ಇಂಡಿ ಲಿಂಬೆಗೆ ಜಿ.ಐ. ಮಾನ್ಯತೆ ಸಿಕ್ಕಿದೆ. ಒಳ್ಳೆಯ ಗಿಡದ ಪೂರ್ತಿ ಹಣ್ಣಾದ ಲಿಂಬೆಯ ಬೀಜ ತೆಗೆದು, ಲೋಳೆ ಹೋಗುವಂತೆ ತೊಳೆದು, ನೀರು ಆರಿದ ಮೇಲೆ ತಡಮಾಡದೆ ಹಾಕಿರಿ. ಬಿಸಿಲಲ್ಲಿ ಕಟಕಟ ಒಣಗಿಸಬೇಡಿ.

3. ಜವಾರಿ ಟೊಮೆಟೊ: ಬೀಜವನ್ನು ಲೋಳೆ ಸಮೇತ ಒಂದು ಪಾತ್ರೆಯಲ್ಲಿ ಒಂದೆರಡು ದಿನ ಹುಳಿ ಬರಲು ಬಿಡಿ. ತೊಳೆದಾಗ ತಳಕ್ಕೆ ಇಳಿದ ಬೀಜ ಒಳ್ಳೆಯದು. ನೆರಳಲ್ಲಿ ಒಣಗಿಸಿ ಇಡಿ.

4. ಜಾಲಿ: ಒಲೆಯಿಂದ ಇಳಿಸಿದ ಬಿಸಿನೀರಿಗೆ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಒಲೆಯ ಮೇಲಿಟ್ಟು ಕುದಿಸಬೇಡಿ.

ಒಮ್ಮೆಗೇ ಸಾವಿರ ಚೀಲ ತುಂಬಬೇಡಿ. ಮೊದಲು ಹತ್ತು ಬೀಜ ತೊಳೆದು, ಹತ್ತು ಬೀಜ ತೊಳೆಯದೆ ಬೇರೆ ಬೇರೆ ಊರಿ, ಎಷ್ಟು ಹುಟ್ಟಿದವು ಅಂತ ಎಣಿಸಿರಿ. ಲೆಕ್ಕವನ್ನು ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಇಡಿರಿ. ಬಸವನ ಬಾಗೇವಾಡಿಯ ಸಂಘದ ಅನುಭವ ಇಂಡಿಯ ಸಂಘಕ್ಕೂ ಉಪಯೋಗವಾಗಲಿ.